ವೈದ್ಯಕೀಯ ಚಿತ್ರಗಳ ಮಾದರಿ ಕಡತಗಳನ್ನು ಪರೀಕ್ಷೆಗಾಗಿ ಹಂಚಿಕೊಳ್ಳುವ ಕುರಿತು: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಹಿನ್ನೆಲೆ

ಬೆಳಗಾವಿ ಜಿಲ್ಲೆಯ ಗಡಿ ಭಾಗದ ಈ ಐದು ತಾಲ್ಲೂಕುಗಳ ರೋಗಿಗಳು ಸ್ಥಳೀಯವಾಗಿ ಕ್ಷ-ಕಿರಣ ಅಥವಾ ಸಿ.ಟಿ. ಸ್ಕ್ಯಾನ್ ಮಾಡಿಸಿಕೊಂಡು, ಹೆಚ್ಚಿನ ಚಿಕಿತ್ಸೆಗಾಗಿ ಬೆಳಗಾವಿಗೆ ಇಲ್ಲವೇ ಮಿರಜ, ಸಾಂಗಲಿ, ಕೊಲ್ಹಾಪುರಗಳಿಗೆ ತೆರಳುವುದು ವಾಡಿಕೆಯಾಗಿದೆ. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಅವರು ಮಿರಜದಲ್ಲಿ ಆಸ್ಪತ್ರೆ ಆರಂಭಿಸಿದರು. ಕಾಗವಾಡದವರಿಗೆ ಇಂದಿಗೂ ಜಿಲ್ಲಾ ಕೇಂದ್ರಕ್ಕಿಂತ ಮಿರಜವೇ ಸಮೀಪ. ಆದರೆ ಒಂದು ಊರಿನ ಯಂತ್ರದಲ್ಲಿ ತೆಗೆದ ಚಿತ್ರವು ಮತ್ತೊಂದು ಊರಿನ ಗಣಕಯಂತ್ರದಲ್ಲಿ ತೆರೆಯದಿದ್ದಲ್ಲಿ ರೋಗಿಯು ಪುನಃ ಸ್ಕ್ಯಾನ್ ಮಾಡಿಸಬೇಕಾಗುತ್ತದೆ. ಎದೆಯ ಒಂದು ಸಿ.ಟಿ. ಸ್ಕ್ಯಾನ್‌ನಿಂದ ದೇಹಕ್ಕೆ ತಗಲುವ ವಿಕಿರಣವು ಸುಮಾರು 7 ಮಿಲಿಸೀವರ್ಟ್ ಆಗಿದ್ದು, ಎದೆಯ ಒಂದು ಕ್ಷ-ಕಿರಣ ಚಿತ್ರದಲ್ಲಿ ಅದು ಸುಮಾರು 0.1 ಮಾತ್ರ. ಹಣ ಮತ್ತು ಸಮಯದ ನಷ್ಟವು ಇದಕ್ಕೆ ಹೊರತಾದದ್ದು.

ಇದನ್ನು ತಪ್ಪಿಸಲು ಆಸ್ಪತ್ರೆಗಳು ಹಾಗೂ ತಂತ್ರಾಂಶ ಸಂಸ್ಥೆಗಳು ತಮ್ಮ ವ್ಯವಸ್ಥೆಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆಯೇ ಎಂಬುದನ್ನು ಮುಂಚಿತವಾಗಿ ಪರೀಕ್ಷಿಸಿಕೊಳ್ಳುತ್ತವೆ. ಇದಕ್ಕೆ ಮಾದರಿ ಕಡತಗಳು ಅವಶ್ಯ. ಇಂತಹ ಕಡತಗಳನ್ನು ನೀಡುವಂತೆ ಕೇಳಲ್ಪಟ್ಟ ಸ್ಕ್ಯಾನಿಂಗ್ ಕೇಂದ್ರಗಳು ಮತ್ತು ರೋಗಿಗಳು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಡೈಕಾಮ್ ಮಾನಕ

ಅಮೆರಿಕದ ವಿಕಿರಣ ತಜ್ಞರ ಸಂಸ್ಥೆ ಹಾಗೂ ವಿದ್ಯುತ್ ಉಪಕರಣ ತಯಾರಕರ ಸಂಘವು ಜಂಟಿಯಾಗಿ 1985ರಲ್ಲಿ ಪ್ರಕಟಿಸಿದ ಮಾನಕವು 1993ರಲ್ಲಿ ಡೈಕಾಮ್ ಎಂಬ ಹೆಸರು ಪಡೆಯಿತು. ಭಾರತ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯವು 2013ರಲ್ಲಿ ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿದ ವಿದ್ಯುನ್ಮಾನ ಆರೋಗ್ಯ ದಾಖಲೆ ಮಾನಕಗಳಲ್ಲಿ ಚಿತ್ರಗಳಿಗೆ ಡೈಕಾಮ್ ಅನ್ನೇ ಸೂಚಿಸಲಾಗಿದೆ.

ಡೈಕಾಮ್ ಕಡತವು ಕೇವಲ ಚಿತ್ರವಲ್ಲ. ಚಿತ್ರದೊಂದಿಗೆ ರೋಗಿಯ ಹೆಸರು, ಗುರುತಿನ ಸಂಖ್ಯೆ, ಜನ್ಮದಿನಾಂಕ, ಯಂತ್ರದ ವಿವರ, ಪರೀಕ್ಷೆಯ ದಿನಾಂಕ ಮುಂತಾದವುಗಳೂ ಅದರಲ್ಲಿ ಅಡಕವಾಗಿರುತ್ತವೆ. ಪರದೆಯ ಛಾಯಾಚಿತ್ರ ತೆಗೆದು ವಾಟ್ಸಾಪ್ ಮೂಲಕ ಕಳುಹಿಸಿದಲ್ಲಿ ಈ ವಿವರಗಳೂ, ವೈದ್ಯರು ಬೆಳಕಿನ ಮಟ್ಟವನ್ನು ಬದಲಿಸಿ ನೋಡಲು ಬೇಕಾದ ಸೂಕ್ಷ್ಮತೆಯೂ ಕಳೆದುಹೋಗುತ್ತವೆ. ಆದುದರಿಂದ ಇಂತಹ ಛಾಯಾಚಿತ್ರಗಳು ಪರೀಕ್ಷೆಗೆ ಉಪಯುಕ್ತವಲ್ಲ. ಸಿ.ಟಿ.ಯ ಒಂದು ಪದರವು ಸಾಮಾನ್ಯವಾಗಿ ಅರ್ಧ ಮೆಗಾಬೈಟ್‌ನಷ್ಟಿರುತ್ತದೆ; 300 ಪದರಗಳ ಒಂದು ಸ್ಕ್ಯಾನ್ ಸುಮಾರು 150 ಮೆಗಾಬೈಟ್ ಆಗುತ್ತದೆ. ಪೂರ್ಣ ಕಡತಗಳನ್ನು ಸಿ.ಡಿ. ಅಥವಾ ಪೆನ್ ಡ್ರೈವ್‌ನಲ್ಲಿ ಪಡೆಯತಕ್ಕದ್ದು.

ಈ ಭಾಗದಲ್ಲಿ ವಿಶೇಷವಾಗಿ ಪರೀಕ್ಷಿಸಬೇಕಾದ ಸಂಗತಿಗಳು

ವ್ಯವಸ್ಥೆಗಳು ಸೋಲುವುದು ಬಹುಮಟ್ಟಿಗೆ ಚಿತ್ರದಲ್ಲಲ್ಲ, ಹೆಸರಿನಲ್ಲಿ. ನಮ್ಮಲ್ಲಿ ವ್ಯಕ್ತಿಯ ಹೆಸರು, ತಂದೆಯ ಅಥವಾ ಗಂಡನ ಹೆಸರು, ನಂತರ ಅಡ್ಡಹೆಸರು ಎಂದು ಬರೆಯುವುದು ರೂಢಿ. ಡೈಕಾಮ್‌ನಲ್ಲಿ ಅಡ್ಡಹೆಸರು ಮೊದಲು ಬರುತ್ತದೆ. ಬಸವ್ವ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಕೇಂದ್ರವು ಒಂದು ರೀತಿ, ಇನ್ನೊಂದು ಕೇಂದ್ರವು ಮತ್ತೊಂದು ರೀತಿ ಬರೆದಲ್ಲಿ ಗಣಕಯಂತ್ರಕ್ಕೆ ಅವರು ಇಬ್ಬರು ವ್ಯಕ್ತಿಗಳು. ಹೆಸರನ್ನು ಕನ್ನಡ ಲಿಪಿಯಲ್ಲಿ ಅಥವಾ ಮರಾಠಿಯ ದೇವನಾಗರಿಯಲ್ಲಿ ನಮೂದಿಸಬೇಕಿದ್ದಲ್ಲಿ ಕಡತದಲ್ಲಿ ಯುನಿಕೋಡ್ ಸಂಕೇತವನ್ನು ಘೋಷಿಸಿರಬೇಕು. ಇಲ್ಲದಿದ್ದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಮಾತ್ರ ಕಾಣಬಹುದು. ಜನ್ಮದಿನಾಂಕ ತಿಳಿಯದ ಹಿರಿಯರಿಗೆ ಶಾಲಾ ದಾಖಲೆಯ ಜೂನ್ 1ನೇ ತಾರೀಖನ್ನೇ ಬರೆಯುವ ಪದ್ಧತಿಯಿಂದ, ಒಂದೇ ಹೆಸರು ಹಾಗೂ ಒಂದೇ ದಿನಾಂಕದ ಇಬ್ಬರು ಬೆರೆತುಹೋಗುವ ಸಂಭವವಿದೆ. ಪ್ರತಿ ಕೇಂದ್ರವೂ ತನ್ನ ರೋಗಿಗಳಿಗೆ 1ರಿಂದಲೇ ಕ್ರಮಸಂಖ್ಯೆ ನೀಡಿದಲ್ಲಿ ಸಂಖ್ಯೆಯಿಂದಲೂ ಪ್ರಯೋಜನವಾಗದು. ಸಂಖ್ಯೆ ನೀಡಿದ ಸಂಸ್ಥೆ ಯಾವುದೆಂಬುದನ್ನೂ ನಮೂದಿಸಬೇಕು. ಒಬ್ಬರ ಚಿತ್ರವು ಮತ್ತೊಬ್ಬರ ಹೆಸರಿನಡಿ ಸೇರಿದಲ್ಲಿ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ.

ಮಾದರಿ ಕಡತಗಳನ್ನು ಸಿದ್ಧಪಡಿಸುವ ಕ್ರಮ

ಮಾದರಿಗಾಗಿ ರೋಗಿಯ ಚಿತ್ರವೇ ಬೇಕೆಂದೇನೂ ಇಲ್ಲ. ಯಂತ್ರದ ಗುಣಮಟ್ಟ ನೋಡಲು ಬಳಸುವ ನೀರು ತುಂಬಿದ ಅಥವಾ ಪ್ಲಾಸ್ಟಿಕ್‌ನ ಪರೀಕ್ಷಾ ಗೊಂಬೆಯ ಸ್ಕ್ಯಾನ್ ಮಾಡಿ, ಕಾಲ್ಪನಿಕ ಹೆಸರನ್ನು ನಮೂದಿಸಿದಲ್ಲಿ, ಆ ಯಂತ್ರವು ಕಡತವನ್ನು ಹೇಗೆ ಬರೆಯುತ್ತದೆಂಬುದು ತಿಳಿಯುತ್ತದೆ. ಹೊಂದಾಣಿಕೆ ಪರೀಕ್ಷೆಗೆ ಬಹುಮಟ್ಟಿಗೆ ಇಷ್ಟೇ ಸಾಕು. ರೋಗದ ಲಕ್ಷಣವಿರುವ ಚಿತ್ರಗಳೇ ಬೇಕಾದಲ್ಲಿ, ಗುರುತು ತೆಗೆದು ಸಾರ್ವಜನಿಕವಾಗಿ ಇರಿಸಲಾದ ಅಮೆರಿಕದ ಕ್ಯಾನ್ಸರ್ ಇಮೇಜಿಂಗ್ ಆರ್ಕೈವ್‌ನಂತಹ ಸಂಗ್ರಹಗಳಿವೆ. ಇವೆರಡರಿಂದಲೂ ಕೆಲಸವಾಗದಿದ್ದಾಗ ಮಾತ್ರ ಸ್ಥಳೀಯ ರೋಗಿಯ ಕಡತವನ್ನು ಕೇಳುವುದು ಸೂಕ್ತ.

ಹಾಗೆ ನೀಡುವಾಗ ಹೆಸರನ್ನು ಅಳಿಸಿದರೆ ಸಾಲದು. ಜನ್ಮದಿನಾಂಕ, ವಿಳಾಸ, ಸೂಚಿಸಿದ ವೈದ್ಯರ ಹೆಸರು, ತಯಾರಕರು ಸೇರಿಸುವ ಖಾಸಗಿ ವಿವರಗಳು ಇವೆಲ್ಲವನ್ನೂ ಡೈಕಾಮ್ ಮಾನಕದ 15ನೇ ಭಾಗದಲ್ಲಿ ತಿಳಿಸಿರುವಂತೆ ತೆಗೆಯಬೇಕು ಅಥವಾ ಬದಲಿಸಬೇಕು. ಪ್ರತಿ ಕಡತದ ವಿಶಿಷ್ಟ ಸಂಖ್ಯೆಯನ್ನು ಬದಲಿಸುವಾಗ ಒಂದೇ ಸ್ಕ್ಯಾನ್‌ನ ಪದರಗಳ ಪರಸ್ಪರ ಸಂಬಂಧ ಕೆಡದಂತೆ ನೋಡಿಕೊಳ್ಳಬೇಕು. ಇಲ್ಲವಾದಲ್ಲಿ 300 ಪದರಗಳು ಚೆಲ್ಲಾಪಿಲ್ಲಿಯಾಗಿ ಪರೀಕ್ಷೆಯೇ ವ್ಯರ್ಥವಾಗುತ್ತದೆ. ಅಲ್ಟ್ರಾಸೌಂಡ್ ಚಿತ್ರಗಳಲ್ಲಿ ಹೆಸರು ಅನೇಕ ವೇಳೆ ಚಿತ್ರದ ಮೇಲೆಯೇ ಅಚ್ಚಾಗಿರುತ್ತದೆ. ಗರ್ಭಿಣಿಯರ ಅಲ್ಟ್ರಾಸೌಂಡ್ ದಾಖಲೆಗಳು 1994ರ ಪ್ರಸವಪೂರ್ವ ಪತ್ತೆ ತಂತ್ರಗಳ ಕಾಯ್ದೆಗೆ ಒಳಪಡುವುದರಿಂದ ಅವುಗಳನ್ನು ಮಾದರಿಯಾಗಿ ನೀಡದಿರುವುದೇ ಕ್ಷೇಮ. ತಲೆಯ ಸಿ.ಟಿ. ಪದರಗಳನ್ನು ಜೋಡಿಸಿ ಮುಖದ ಆಕೃತಿಯನ್ನು ಮೂಡಿಸಲು ಸಾಧ್ಯವಿರುವುದೂ ಗಮನದಲ್ಲಿರಲಿ.

ರೋಗಿಗಳ ಹಕ್ಕುಗಳು

ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ, ರೋಗಿಯು ಅಥವಾ ಆತನ ಅಧಿಕೃತ ಪ್ರತಿನಿಧಿಯು ಕೋರಿದಲ್ಲಿ ವೈದ್ಯಕೀಯ ದಾಖಲೆಗಳನ್ನು 72 ಗಂಟೆಗಳೊಳಗೆ ಒದಗಿಸತಕ್ಕದ್ದು. ಇದು ರೋಗಿಗೆ ನೀಡುವ ಪ್ರತಿಯ ಮಾತು. ಪರೀಕ್ಷೆಗಾಗಿ ಮೂರನೆಯವರಿಗೆ ನೀಡುವುದು ಬೇರೆಯೇ ವಿಷಯ. ಚಿಕಿತ್ಸೆಗೆ ದಾಖಲಾಗುವಾಗ ಸಹಿ ಮಾಡಿದ ಸಾಮಾನ್ಯ ಒಪ್ಪಿಗೆ ಪತ್ರವನ್ನು ಇದಕ್ಕೆ ಸಾಕೆಂದು ಭಾವಿಸಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೆ ಒಪ್ಪಿಗೆಯು ನಿರ್ದಿಷ್ಟ ಉದ್ದೇಶಕ್ಕೆ ಸೀಮಿತವಾಗಿರಬೇಕು ಮತ್ತು ಒಪ್ಪಿಗೆ ನೀಡುವಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲು ಅವಕಾಶವಿರಬೇಕು. ತಿಳಿವಳಿಕೆ ಪತ್ರವನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಪಡೆಯುವ ಆಯ್ಕೆಯೂ ಇದರಲ್ಲಿದ್ದು, ಕನ್ನಡ ಮತ್ತು ಮರಾಠಿ ಎರಡೂ ಆ ಪಟ್ಟಿಯಲ್ಲಿವೆ. ಈ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಅವು ಹಂತಹಂತವಾಗಿ ಜಾರಿಗೆ ಬರುವಂತೆ ನಿಗದಿಯಾಗಿದೆ.

2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಲ್ಲಿ ತಂತ್ರಾಂಶಗಳ ಪರೀಕ್ಷೆಗೆಂದೇ ಪ್ರತ್ಯೇಕ ಪ್ರಯೋಗ ವೇದಿಕೆ ಇದೆ. ಅಲ್ಲಿನ ಪರೀಕ್ಷೆಯ ನೆಪದಲ್ಲಿ ಯಾರಾದರೂ ತಮ್ಮ 14 ಅಂಕಿಗಳ ಆಭಾ ಸಂಖ್ಯೆಯನ್ನಾಗಲಿ, ಮೊಬೈಲ್‌ಗೆ ಬಂದ ಒ.ಟಿ.ಪಿ.ಯನ್ನಾಗಲಿ ಕೇಳಿದಲ್ಲಿ ನೀಡಬಾರದು. ಮಾದರಿ ಕಡತ ನೀಡಲು ನಿರಾಕರಿಸಿದ ಕಾರಣಕ್ಕೆ ಚಿಕಿತ್ಸೆಯನ್ನಾಗಲಿ, ಸ್ಕ್ಯಾನ್ ವರದಿಯನ್ನಾಗಲಿ ತಡೆಹಿಡಿಯುವುದು ಸರಿಯಲ್ಲ. ಒಪ್ಪಿಗೆ ನೀಡುವವರು ಸಹಿ ಮಾಡುವ ಮುನ್ನ ಕಡತವು ಯಾರ ಬಳಿ, ಎಷ್ಟು ದಿನ ಇರುತ್ತದೆ ಮತ್ತು ಪರೀಕ್ಷೆ ಮುಗಿದ ನಂತರ ಅದನ್ನು ಅಳಿಸಲಾಗುವುದೇ ಎಂಬುದನ್ನು ಲಿಖಿತವಾಗಿ ಪಡೆದು, ಅದರ ಒಂದು ಪ್ರತಿಯನ್ನು ತಮ್ಮಲ್ಲಿ ಇಟ್ಟುಕೊಳ್ಳತಕ್ಕದ್ದು.