ಬೆಳಕು ಬೇಡುವ ಹಾಳೆ

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ, ಭದ್ರಾವತಿಯಲ್ಲಿ ಮೈಸೂರು ಪೇಪರ್ ಮಿಲ್ಸ್ ಸ್ಥಾಪಿತವಾಯಿತು. ಅಲ್ಲಿಯ ಹಾಳೆಗೆ ಸ್ವಂತ ಬೆಳಕಿಲ್ಲ. ಕಿಟಕಿಯ ಬೆಳಕನ್ನೇ ಕಣ್ಣಿಗೆ ಹಿಂತಿರುಗಿಸುತ್ತಿತ್ತು. 2015ರಲ್ಲಿ ಉತ್ಪಾದನೆ ನಿಂತಿತು. ಆ ಗುಣವನ್ನು ನಾನೀಗ ಶಿವಮೊಗ್ಗೆಯ ನಮ್ಮ ಜಗಲಿಯಲ್ಲಿ ವಿದ್ಯುತ್ ಕಾಗದದಲ್ಲಿ ಕಾಣುತ್ತಿದ್ದೇನೆ.

1997ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಇ ಇಂಕ್ ಸಂಸ್ಥೆಯ ಉಪಾಯ ಸರಳವಾದುದು. ಕೂದಲೆಳೆಯಷ್ಟು ಸಣ್ಣ ಗುಳಿಗೆಗಳಲ್ಲಿ ಕಪ್ಪು, ಬಿಳಿ ಕಣಗಳು. ವಿದ್ಯುತ್ತು ಸೋಕಿದರೆ ಒಂದು ಮೇಲೇಳುತ್ತದೆ, ಇನ್ನೊಂದು ಅಡಗುತ್ತದೆ. ಪುಟ ಮೂಡಿದ ಮೇಲೆ ಅದನ್ನು ಉಳಿಸಿಕೊಳ್ಳಲು ವಿದ್ಯುತ್ತಿನ ಹಂಗಿಲ್ಲ.

ತೊಡಕೆಲ್ಲ ಬಣ್ಣದಲ್ಲಿ. 2020ರಲ್ಲಿ ಬಂದ 'ಕಲೈಡೊ' ಇದೇ ಕಪ್ಪುಬಿಳಿಯ ಮೇಲೆ ಬಣ್ಣದ ಸೋಸುಪದರ ಹೊದಿಸಿತು. ಪದರ ಬೆಳಕನ್ನು ನುಂಗುವುದರಿಂದ ಪುಟ ಮಂಕು. 2022ರ ಮೂರನೆಯ ಕಲೈಡೊದಲ್ಲಿಯೂ ಕಪ್ಪಕ್ಷರಕ್ಕೆ ಅಂಗುಲಕ್ಕೆ 300 ಚುಕ್ಕೆ, ಬಣ್ಣಕ್ಕೆ 150 ಮಾತ್ರ. ಅದೇ ವರ್ಷದ 'ಗ್ಯಾಲರಿ 3'ಕ್ಕೆ ಸೋಸು ಬೇಡ. ನಾಲ್ಕು ಬಣ್ಣದ ಕಣಗಳೇ ಜಾಗ ಬದಲಿಸುತ್ತವೆ. ಬಣ್ಣವೇನೋ ಗಾಢ, ಆದರೆ ಒಳ್ಳೆಯ ಚಿತ್ರ ಮೂಡಲು ಒಂದೂವರೆ ಸೆಕೆಂಡು ಬೇಕು.

ನನ್ನ ಗರಜು ಹಳಗನ್ನಡದ ಅಡಿಟಿಪ್ಪಣಿ. ಬಣ್ಣದಲ್ಲಿ ಅಚ್ಚಾದ ಸಣ್ಣಕ್ಷರದ ಒತ್ತುಗಳು 150 ಚುಕ್ಕೆಯಲ್ಲಿ ಕಲೆತುಹೋಗುತ್ತವೆ. ನಲವತ್ತು ದಾಟಿದ ಕಣ್ಣಿಗೆ ಅದು ಒಗ್ಗದು. ಕಪ್ಪುಬಿಳಿಯದನ್ನೇ ಕೊಂಡೆ. ಅದರಲ್ಲಿ ಹಳೆಯ ಚಂದಮಾಮ ತೆರೆದ ಮಗಳು, "ಅಪ್ಪಾ, ರಾಜಕುಮಾರಿಯ ಸೀರೆಯೆಲ್ಲ ಬೂದಿಯಾಯಿತಲ್ಲ!" ಎಂದಳು.