ಅನುಶಾಸನ ಯಾರಿಗೆ ಸ್ವಾಮಿ?

'ಈ ದೇಶಕ್ಕೆ ಚಾಟಿ ಹಿಡಿದವನೊಬ್ಬ ಬೇಕು ಸಾರ್. ಆಗ ನೋಡಿ, ಎಲ್ಲ ಹೆಂಗೆ ಲೈನಿಗೆ ಬರ್ತಾರೆ!' ಊರು ಯಾವುದೇ ಇರಲಿ, ಟೀ ಅಂಗಡಿ ಮುಂದೆ ಕಾರು ನಿಲ್ಲಿಸಿದರೆ ಸಾಕು, ಯಾರಾದರೊಬ್ಬರು ಈ ಮಾತು ಹೇಳಿಯೇ ಹೇಳ್ತಾರೆ. ಹೇಳುವವರು ಕೆಟ್ಟವರಲ್ಲ. ತಾಲೂಕು ಕಚೇರಿಗೆ ಹತ್ತು ಸಲ ಅಲೆದು ಸುಸ್ತಾದವರು. ಆ ಸಿಟ್ಟು ನನಗೆ ಅರ್ಥವಾಗುತ್ತೆ. ಆದರೆ ವೀಕ್ಷಕರೇ, ಆ ಚಾಟಿಯನ್ನ ಈ ದೇಶ ಒಂದು ಸಲ ನೋಡಿಯಾಗಿದೆ.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಮುಂದೆ 21 ತಿಂಗಳು. ರೈಲುಗಳು ಟೈಮಿಗೆ ಬರ್ತಿದ್ವು, ನೌಕರರು ಹೊತ್ತಿಗೆ ಸರಿಯಾಗಿ ಕುರ್ಚಿಯಲ್ಲಿರ್ತಿದ್ರು ಅಂತ ಆ ಕಾಲ ಕಂಡ ಹಿರಿಯರು ಈಗಲೂ ಹೇಳ್ತಾರೆ. ಇರಬಹುದು. ಮೌನವ್ರತದಲ್ಲಿದ್ದ ವಿನೋಬಾ ಭಾವೆಯವರು ಆಗ ಬರೆದು ತೋರಿಸಿದ ಪದ 'ಅನುಶಾಸನ ಪರ್ವ'. ಸರ್ಕಾರಕ್ಕೆ ಅಷ್ಟೇ ಬೇಕಿತ್ತು. ಅದನ್ನೇ ಘೋಷಣೆ ಮಾಡಿಕೊಂಡಿತು.

ಇಲ್ಲೊಂದು ತಮಾಷೆ ನೋಡಿ. ಅನುಶಾಸನ ಪರ್ವ ಮಹಾಭಾರತದ ಹದಿಮೂರನೆಯ ಪರ್ವ. ಯುದ್ಧ ಮುಗಿದಿದೆ, ಭೀಷ್ಮ ಶರಶಯ್ಯೆಯಲ್ಲಿದ್ದಾನೆ. ಬುದ್ಧಿ ಹೇಳ್ತಿರೋದು ಯಾರಿಗೆ? ಗೆದ್ದು ಬಂದ ಧರ್ಮರಾಯನಿಗೆ. ಅಲ್ಲಿ ಪಾಠ ಕೇಳಬೇಕಾದವನು ರಾಜ! ದಿಲ್ಲಿಯಲ್ಲಿ ಅದನ್ನ ತಲೆಕೆಳಗು ಮಾಡಿಬಿಟ್ಟರು.

ತಲೆಕೆಳಗಾದ ಶಿಸ್ತಿನಲ್ಲಿ ಮೇಲಿನಿಂದ ಟಾರ್ಗೆಟ್ ಇಳಿಯುತ್ತೆ, ಕೆಳಗಿನ ಅಳಲು ಮೇಲೆ ಹತ್ತೋದಿಲ್ಲ. ಕುಟುಂಬ ಯೋಜನೆ ಆಪರೇಷನ್ನಿಗೆ ಇಷ್ಟು ಜನರನ್ನ ಕರೆತರದಿದ್ದರೆ ಸಂಬಳವಿಲ್ಲ ಅಂತ ಉತ್ತರದ ರಾಜ್ಯಗಳಲ್ಲಿ ಶಾಲಾ ಮೇಷ್ಟ್ರುಗಳಿಗೇ ಕೋಟಾ ಬಿತ್ತು. 1976-77ರ ಒಂದೇ ವರ್ಷ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್ ಆದವು. ಇದು ಅತಿಯಾಯ್ತು ಅಂತ ಹೇಳೋರು ಯಾರು? ಪತ್ರಿಕೆಗಳಿಗೆ ಸೆನ್ಸಾರ್, ವಿರೋಧಿಗಳು ಜೈಲಲ್ಲಿ.

ನಮ್ಮ ಬೆಂಗಳೂರಿನಲ್ಲಿ ಇವತ್ತು ಫ್ರೀಡಂ ಪಾರ್ಕ್ ಇದೆಯಲ್ಲ, ಆಗ ಅದೇ ಸೆಂಟ್ರಲ್ ಜೈಲು. ಸಂಸದೀಯ ಸಮಿತಿ ಸಭೆಗೆಂದು ಊರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿಯವರನ್ನ ಅಲ್ಲಿಗೇ ತಳ್ಳಿದರು. ಅವರು ಹೊರಬಂದು ಮಂತ್ರಿಗಳಾದರು. ಸ್ನೇಹಲತಾ ರೆಡ್ಡಿ? 'ಸಂಸ್ಕಾರ' ಸಿನಿಮಾದ ಚಂದ್ರಿ. 1976ರ ಮೇ ತಿಂಗಳಲ್ಲಿ ಹಿಡಿದರು. ಆಸ್ತಮಾ ಇತ್ತು. ಬರೋಡಾ ಡೈನಮೈಟ್ ಕೇಸಿನ ಆರೋಪಪಟ್ಟಿಯಲ್ಲಿ ಕೊನೆಗೆ ಆಕೆಯ ಹೆಸರೇ ಇರಲಿಲ್ಲ, ಆದರೂ ಬಿಡಲಿಲ್ಲ. 1977ರ ಜನವರಿ 15ಕ್ಕೆ ಪೆರೋಲ್ ಸಿಕ್ಕಿತು. ಜನವರಿ 20ಕ್ಕೆ ತೀರಿಕೊಂಡರು. ಆ ಪಾರ್ಕಿನಲ್ಲಿ ಯಾವುದೋ ಧರಣಿಯ ಮುಂದೆ ಮೈಕ್ ಹಿಡಿದು ನಿಂತಾಗೆಲ್ಲ ನನಗೆ ಈಕೆ ನೆನಪಾಗ್ತಾರೆ. ರೈಲು ಟೈಮಿಗೆ ಬರ್ತಿತ್ತು ಅನ್ನೋರಿಗೆ ನಾನು ಹೇಳೋದು ಈ ಐದು ದಿನದ ಲೆಕ್ಕ.

ಎರಡೇ ತಿಂಗಳಿಗೆ ಚುನಾವಣೆ ಬಂತು. ಉತ್ತರ ಭಾರತ ಇಂದಿರಾ ಗಾಂಧಿಯವರನ್ನ ಸೋಲಿಸಿತು. ನಮ್ಮ ಕರ್ನಾಟಕ? 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೆ! ದೇವರಾಜ ಅರಸರ ಭೂಸುಧಾರಣೆಗೂ ಅದರಲ್ಲಿ ಪಾಲಿದೆ, ಒಪ್ಪುತ್ತೇನೆ. ಆದರೂ ಆ ಅಂಕಿ ನನಗೆ ಇವತ್ತಿಗೂ ಚುಚ್ಚುತ್ತೆ.

ಹಾಗಾದ್ರೆ ಶಿಸ್ತೇ ಬೇಡ್ವಾ? ಬೇಕು ಸ್ವಾಮಿ. 1990ರ ಡಿಸೆಂಬರ್‌ನಲ್ಲಿ ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾದರು. ಧೂಳು ಹಿಡಿದಿದ್ದ ಹಳೇ ನಿಯಮಗಳನ್ನೇ ಕೊಡವಿ ಕೈಗೆತ್ತಿಕೊಂಡರು. ಗೋಡೆಬರಹಕ್ಕೆ, ರಾತ್ರಿ ಹತ್ತರ ಮೇಲಿನ ಮೈಕಿಗೆ, ಲೆಕ್ಕವಿಲ್ಲದ ಖರ್ಚಿಗೆ ಕಡಿವಾಣ ಬಿತ್ತು. 1993ರಲ್ಲಿ ಹಿಮಾಚಲದ ರಾಜ್ಯಪಾಲ ಗುಲ್ಶೇರ್ ಅಹ್ಮದ್ ಮಧ್ಯಪ್ರದೇಶಕ್ಕೆ ಹೋಗಿ ಮಗನ ಪರ ಪ್ರಚಾರ ಮಾಡಿದರು. ಶೇಷನ್ ಆ ಕ್ಷೇತ್ರದ ಚುನಾವಣೆಯನ್ನೇ ತಡೆದರು. ರಾಜ್ಯಪಾಲರು ರಾಜೀನಾಮೆ ಕೊಟ್ಟು ಮನೆಗೆ ಹೋದರು. ಭೀಷ್ಮ ಕಂಡಿದ್ದರೆ ತಲೆದೂಗುತ್ತಿದ್ದ!

ಶೇಷನ್ ಏನು ಸಾಧು ಸ್ವಭಾವದವರಲ್ಲ ಬಿಡಿ, ಅವರದೂ ಚಾಟಿಯ ಕೈಯೇ. 1993ರ ಅಕ್ಟೋಬರ್‌ನಲ್ಲಿ ಸರ್ಕಾರ ಇನ್ನಿಬ್ಬರು ಆಯುಕ್ತರನ್ನ ಪಕ್ಕದಲ್ಲಿ ತಂದು ಕೂರಿಸಿತು. ಶೇಷನ್ ಸುಪ್ರೀಂ ಕೋರ್ಟಿಗೆ ಹೋದರು. 1995ರಲ್ಲಿ ಸೋತರು. ರಾಜೀನಾಮೆ ಬಿಸಾಕಲಿಲ್ಲ. 1996ರ ಡಿಸೆಂಬರ್‌ನಲ್ಲಿ ಅವಧಿ ಮುಗಿಯುವ ತನಕ ಆ ಇಬ್ಬರ ಜೊತೆಗೇ ಕೂತು ಚುನಾವಣೆ ನಡೆಸಿದರು.