ಮನೆಯಲ್ಲೇ ಹೊಲಿಯಬಹುದಾದ ಈಜುಡುಗೆ

ಶಿಗ್ಗಾಂವಿ ತಾಲ್ಲೂಕಿನ ದುಂಡಸಿಯಂತಹ ಊರುಗಳಲ್ಲಿ ಗಂಡುಮಕ್ಕಳು ಚಡ್ಡಿಯಲ್ಲೇ ನೀರಿಗಿಳಿದು ಈಜು ಕಲಿಯಬಲ್ಲರು. ಹೆಣ್ಣುಮಕ್ಕಳಿಗೆ ಮಾತ್ರ ಮೈಮುಚ್ಚುವ, ಆದರೆ ನೀರಿನಲ್ಲಿ ಭಾರವಾಗದ ಉಡುಗೆ ಬೇಕು. ಅದನ್ನು ಮನೆಯಲ್ಲೇ ಹೊಲಿಯಬಹುದು.

ಹತ್ತಿ ಬಟ್ಟೆ ನೀರು ಹೀರಿ ಜೋತುಬಿದ್ದು ಕೈಕಾಲುಗಳಿಗೆ ತೊಡಕಾಗುತ್ತದೆ. ನೈಲಾನ್ ಅಥವಾ ಪಾಲಿಯೆಸ್ಟರ್ ಜೊತೆ ಸ್ಪ್ಯಾಂಡೆಕ್ಸ್ ಬೆರೆತ ಬಟ್ಟೆ ಸೂಕ್ತ. ಅಮೆರಿಕದ ಡ್ಯುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ 1958ರಲ್ಲಿ ರೂಪಿಸಿದ ಈ ಹಿಗ್ಗುವ ಎಳೆ ಲೈಕ್ರಾ ಎಂಬ ಹೆಸರಿನಿಂದ ಪರಿಚಿತ. ತಿಳಿಬಣ್ಣದ ಬಟ್ಟೆ ಒದ್ದೆಯಾದರೆ ಮೈ ಕಾಣುವುದರಿಂದ ಗಾಢ ಬಣ್ಣ ಹಾಗೂ ಒಳಪದರ ಲೇಸು.

ಸುತ್ತಳತೆಯನ್ನು ಮೈಯಳತೆಗಿಂತ ಸುಮಾರು ಶೇ. 10ರಷ್ಟು ಕಡಿಮೆ ಇರಿಸಿ ಕತ್ತರಿಸಬೇಕು. ಬಾಲ್‌ಪಾಯಿಂಟ್ ಸೂಜಿ, ಪಾಲಿಯೆಸ್ಟರ್ ದಾರ ಮತ್ತು ಜಿಗ್‌ಜಾಗ್ ಹೊಲಿಗೆ ಅಗತ್ಯ. ಸಾಧಾರಣ ನೇರ ಹೊಲಿಗೆಯ ದಾರ ಬಟ್ಟೆ ಹಿಗ್ಗಿದಾಗ ತುಂಡಾಗುತ್ತದೆ. ಕಾಲಿನಿಂದ ತುಳಿಯುವ ಹಳೆಯ ಯಂತ್ರದಲ್ಲಿ ಜಿಗ್‌ಜಾಗ್ ಇಲ್ಲದಿದ್ದರೆ, ಬಟ್ಟೆಯನ್ನು ಹಿಂದೆ ಮುಂದೆ ತುಸು ಎಳೆದು ಹಿಡಿದು ಸಣ್ಣ ಹೊಲಿಗೆಯನ್ನು ಎರಡು ಸಾಲು ಹಾಕಬಹುದು.

ಈಜುಕೊಳದ ಕ್ಲೋರಿನ್ ಸ್ಪ್ಯಾಂಡೆಕ್ಸನ್ನು ಸವೆಸುವುದರಿಂದ, ಈಜಿದ ಕೂಡಲೇ ಉಡುಗೆಯನ್ನು ತಣ್ಣೀರಿನಲ್ಲಿ ಜಾಲಿಸಿ ನೆರಳಿನಲ್ಲಿ ಒಣಗಿಸಬೇಕು. ಉಡುಗೆ ಎಷ್ಟೇ ಚೆನ್ನಾಗಿದ್ದರೂ, ಕಲಿಯುವವರು ನೀರಿಗಿಳಿಯುವಾಗ ಈಜು ಬಲ್ಲವರೊಬ್ಬರು ಜೊತೆಗಿರಲೇಬೇಕು.